ಗುತ್ತಿಗೆಗೆ ಕೊಡಲಾಗದ್ದು

ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಹೊರರಾಜ್ಯದಲ್ಲಿ ನೆಲೆಸಿ, ಊರಿನ ಹಿರಿಯರ ಮನೆಯನ್ನು ದುರಸ್ತಿ ಮಾಡಿಸಲು ಹೊರಟ ಕುಟುಂಬಗಳಿಂದ ಈ ಗಾದೆಯನ್ನು ನಾನು ಕೇಳಿರುವಷ್ಟು ಬೇರಾರಿಂದಲೂ ಕೇಳಿಲ್ಲ. ಕೆಲವರು ಇದನ್ನು ನಗುತ್ತಾ ಹೇಳಿದ್ದಾರೆ, ಕೆಲವರು ಕಣ್ಣೀರು ಒರೆಸಿಕೊಳ್ಳುತ್ತಾ ಹೇಳಿದ್ದಾರೆ. ಗಾದೆಯಲ್ಲಿ ಬರುವ ಆ ಆಳು ಯಾರು, ಅವನ ಹೆಸರೇನು ಎಂದು ಮಾತ್ರ ಅವರು ಹೇಳಿದ್ದಿಲ್ಲ, ನಾನೂ ಬಹುಕಾಲ ಕೇಳಿದ್ದಿಲ್ಲ.

ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ಬೀಗ ಜಡಿದ ಮನೆಗಳಿಗೆ ಕೊರತೆಯಿಲ್ಲ. ಒಂದು ತಲೆಮಾರು ಹಡಗು ಹತ್ತಿ ಮುಂಬಯಿಗೆ ಹೋಯಿತು. ಮುಂದಿನ ತಲೆಮಾರು ರಾತ್ರಿ ಬಸ್ಸುಗಳಲ್ಲಿ ಹೋಯಿತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲೆ ಹೋಗುವುದೂ ಬರುವುದೂ ಸುಲಭವಾಯಿತು. ಆದರೂ ಹೋದವರು ಹೆಚ್ಚು, ಮರಳಿದವರು ಕಡಿಮೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಉದ್ದನೆಯ ಜಗಲಿ, ಅಂಗಳದಲ್ಲೊಂದು ಶಿಲುಬೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಸೀಮೆಯ ಹುಲ್ಲಿನ ಮಾಡುಗಳು ಕ್ರಮೇಣ ಕೆಂಪಾದವು. ಅಂಥ ಮನೆಯ ಮಾಡಿಗೆ ಪ್ರತಿ ವರ್ಷವೂ ಮನುಷ್ಯನ ಕೈ ಬೇಕು. ಒಡೆದ ಒಂದು ಹಂಚನ್ನು ಮಳೆಗಾಲಕ್ಕೆ ಮುಂಚೆ ಬದಲಿಸದಿದ್ದರೆ ನೀರು ರೀಪಿಗೆ, ರೀಪಿನಿಂದ ಪಕ್ಕಾಸಿಗೆ, ಪಕ್ಕಾಸಿನಿಂದ ಗೋಡೆಗೆ ಇಳಿಯುತ್ತದೆ. ನೀರು ಇಳಿದ ದಾರಿಯಲ್ಲಿ ಗೆದ್ದಲು ಏರುತ್ತದೆ. ಐದಾರು ಮಳೆಗಾಲ ಬೀಗ ಹಾಕಿದ ಮನೆ ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ.

ಆಗ ಗುರುನಿವಾಸಕ್ಕೆ ದೂರವಾಣಿ ಕರೆ ಬರುತ್ತದೆ. "ಫಾದರ್, ನಂಬಿಕಸ್ಥ ಕಂಟ್ರಾಕ್ಟರ್ ಯಾರಾದರೂ ಇದ್ದರೆ ಹೇಳಿ. ನಮಗೆ ಬಂದು ನಿಲ್ಲುವುದಕ್ಕೆ ಆಗುವುದಿಲ್ಲ." ಗುರುವಾದವನಿಗೆ ಸೆಮಿನರಿಯಲ್ಲಿ ಕಲಿಸದ ವಿದ್ಯೆಗಳಲ್ಲಿ ಇದೂ ಒಂದು. ಕೆಲವು ವರ್ಷಗಳ ಹಿಂದೆ ಅಂಥ ಒಂದು ಕರೆಗೆ ಉತ್ತರವಾಗಿ ನಾನು ಒಂದು ಹೆಸರು ಹೇಳಿದೆ. ಅದರಿಂದಾದದ್ದನ್ನು ನಿಮ್ಮ ಮುಂದಿಟ್ಟು, ನನ್ನನ್ನು ಇಂದಿಗೂ ಬಿಡದ ಒಂದು ಪ್ರಶ್ನೆಯನ್ನು ನಿಮ್ಮೊಡನೆ ಆಲೋಚಿಸಬೇಕೆಂದಿದ್ದೇನೆ: ಕೆಲಸವನ್ನು ಗುತ್ತಿಗೆಗೆ ಕೊಟ್ಟು, ಹಣವನ್ನು ಚಾಚೂ ತಪ್ಪದೆ ಕೊಟ್ಟ ಮೇಲೆ, ಮಾಡಿಸಿಕೊಂಡವನ ಹೊಣೆ ಮುಗಿಯಿತೇ?

ಮನೆಯ ವಾರಸುದಾರರು ಮೂವರು. ಹಿರಿಯಣ್ಣ ತಾಯಿಯೊಡನೆ ಮುಂಬಯಿಯಲ್ಲಿ, ತಂಗಿ ಪುಣೆಯಲ್ಲಿ, ಕಿರಿಯವನು ಕೊಲ್ಲಿ ದೇಶದಲ್ಲಿ. ಅಣ್ಣನ ಮಗಳ ಮದುವೆ ಈಸ್ಟರ್ ಕಳೆದು ಮೇ ತಿಂಗಳಲ್ಲಿ ಊರಿನ ದೇವಾಲಯದಲ್ಲಿಯೇ ಆಗಬೇಕೆಂಬುದು ತಾಯಿಯ ಆಸೆ. 14 ಲಕ್ಷ ರೂಪಾಯಿಗೆ ಕೆಲಸ ಒಪ್ಪಿತವಾಯಿತು. ಒಪ್ಪಂದವೆಂದರೆ ಒಂದು ಹಾಳೆಯ ಅಂದಾಜುಪಟ್ಟಿ, ಅದರ ಕೆಳಗೆ ಒಂದು ಸಹಿ. ದೀಪಾವಳಿ ಕಳೆದ ಮೇಲೆ ಹಂಚು ಇಳಿಸಿದರು. ಇಳಿಸಿದಾಗಲೇ ಒಳಗಿನದು ಕಂಡಿತು: ಅರ್ಧದಷ್ಟು ಪಕ್ಕಾಸುಗಳು ಗೆದ್ದಲಿಗೆ ಆಹುತಿಯಾಗಿದ್ದವು. ಕಂಟ್ರಾಕ್ಟರ್ ಅದರ ಚಿತ್ರ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ, ಎಲ್ಲವನ್ನೂ ಬದಲಿಸಬೇಕು ಎಂದು ಬರೆದ. ಮುಂಬಯಿಯಿಂದ ಹೆಬ್ಬೆರಳೆತ್ತಿದ ಚಿತ್ರವೊಂದು ಉತ್ತರವಾಗಿ ಬಂತು. ಮುಂದೆ ತಂಗಿ ಅಡುಗೆಮನೆಗೆ ಗ್ರಾನೈಟು ಬೇಕೆಂದಳು. ತಮ್ಮ ಇನ್ನೊಂದು ಬಚ್ಚಲುಮನೆ ಬೇಕೆಂದ. ಅವಕ್ಕೂ ಹೆಬ್ಬೆರಳು ಎದ್ದಿತು. ಮಾಲೀಕರ ಮನಸ್ಸಿನಲ್ಲಿ ಆ ಹೆಬ್ಬೆರಳಿನ ಅರ್ಥ, ಆಗಲಿ, ಒಪ್ಪಿದ ಹಣದಲ್ಲಿಯೇ ಮಾಡು ಎಂದು. ಕಂಟ್ರಾಕ್ಟರನ ಮನಸ್ಸಿನಲ್ಲಿ, ಆಗಲಿ, ಹೆಚ್ಚಿನದನ್ನು ಕೊಡುತ್ತೇವೆ ಎಂದು. ಇಬ್ಬರೂ ಸುಳ್ಳು ಹೇಳಲಿಲ್ಲ. ಹಣದ ಮಾತನ್ನು ಮಾತ್ರ ಇಬ್ಬರೂ ಆಡಲಿಲ್ಲ.

ತಪಸ್ಸುಕಾಲದ ಕೊನೆಯ ದಿನಗಳು. ಗರಿಗಳ ಭಾನುವಾರದ ಹಿಂದಿನ ಸಂಜೆ, ಮರುದಿನದ ಪ್ರಬೋಧನೆಗೆ ಸಿದ್ಧನಾಗುತ್ತಿದ್ದಾಗ, ಜಗಲಿಯಲ್ಲಿ ಐವರು ಕೆಲಸಗಾರರು ಬಂದು ನಿಂತರು. ಮೂವರು ಕೊಪ್ಪಳದ ಕಡೆಯವರು, ಇಬ್ಬರು ಒಡಿಶಾದವರು. ಕೈಯಲ್ಲಿ ಸುಣ್ಣ, ಸಿಮೆಂಟು ತಿಂದ ಬಿರುಕುಗಳು. ವಾರವಾರ ಊಟದ ಖರ್ಚಿಗೆಂದು ಸ್ವಲ್ಪ ಸಿಕ್ಕಿತ್ತು. ಉಳಿದ ಕೂಲಿ ಲೆಕ್ಕದಲ್ಲಿಯೇ ಇತ್ತು. ಐವರಿಗೂ ಸೇರಿ 61,500 ರೂಪಾಯಿ. ಕಂಟ್ರಾಕ್ಟರ್ ಮೂರು ದಿನಗಳಿಂದ ಕರೆ ಸ್ವೀಕರಿಸುತ್ತಿಲ್ಲ. "ಈ ಕೆಲಸಕ್ಕೆ ಅವರನ್ನು ಹೇಳಿದ್ದು ನೀವೇ ಅಂತೆ ಸ್ವಾಮಿ," ಎಂದು ಕೊಪ್ಪಳದ ಹಿರಿಯ ಮೇಸ್ತ್ರಿ ಬಹಳ ಮರ್ಯಾದೆಯಿಂದ ಹೇಳಿದ. ಆರೋಪಕ್ಕಿಂತ ಆ ಮರ್ಯಾದೆ ನನ್ನನ್ನು ಹೆಚ್ಚು ಚುಚ್ಚಿತು.

ಹೌದು, ಹೇಳಿದ್ದು ನಾನೇ. ಏಕೆ ಹೇಳಿದೆ? ಅದೇ ಕಂಟ್ರಾಕ್ಟರ್ ಹಿಂದಿನ ವರ್ಷ ನಮ್ಮ ಸ್ಮಶಾನದ ಆವರಣಗೋಡೆಯನ್ನು ಬೇರೆಲ್ಲರಿಗಿಂತ ಕಡಿಮೆ ದರಕ್ಕೆ ಕಟ್ಟಿಕೊಟ್ಟಿದ್ದ. ಅಷ್ಟು ಕಡಿಮೆಗೆ ಹೇಗೆ ಸಾಧ್ಯವಾಯಿತೆಂದು ನಾನಾಗಲೀ ನಮ್ಮ ಹಣಕಾಸು ಸಮಿತಿಯಾಗಲೀ ಕೇಳಲಿಲ್ಲ. ದೇವರ ಕೆಲಸಕ್ಕೆ ಉಳಿತಾಯವಾಯಿತೆಂದು ಸಂತೋಷಪಟ್ಟೆವು.

ಮುಂಬಯಿಗೆ ಕರೆ ಮಾಡಿದೆ. "ಫಾದರ್, ನಾನು ಕೊಡಬೇಕಾದ ಕಂತುಗಳನ್ನೆಲ್ಲ ಕೊಟ್ಟಾಗಿದೆ. ಕೊನೆಯದು ಮಾತ್ರ ಕೆಲಸ ಮುಗಿದ ಮೇಲೆ. ಅವನ ಆಳುಗಳಿಗೆ ಅವನು ಕೊಡದಿದ್ದರೆ ನಾನೇನು ಮಾಡಲಿ?" ಇದು ಕಟುಕನ ಮಾತಲ್ಲ. ದುಡಿದು ಉಳಿಸಿದ ಹಣವನ್ನು ಕಣ್ಣಿಗೆ ಕಾಣದ ಮನೆಗೆ ಸುರಿಯುತ್ತಿರುವ, ತಾನು ಮೋಸಹೋಗುತ್ತಿದ್ದೇನೋ ಎಂದು ರಾತ್ರಿ ನಿದ್ದೆಗೆಟ್ಟವನ ಮಾತು. ನೀವಾಗಿದ್ದರೂ ಹಾಗೆಯೇ ಹೇಳುತ್ತಿದ್ದಿರಿ. ಕೊನೆಗೂ ಸಿಕ್ಕಿದ ಕಂಟ್ರಾಕ್ಟರನೂ ರಾಕ್ಷಸನಾಗಿರಲಿಲ್ಲ. ಪಕ್ಕಾಸಿನ ಮರಕ್ಕೆ, ಗ್ರಾನೈಟಿಗೆ ಅಂಗಡಿಯಲ್ಲಿ ಸಾಲ ಮಾಡಿದ್ದ. ಅದನ್ನು ತೀರಿಸಲು ಇನ್ನೊಂದು ಮನೆಯ ಮುಂಗಡವನ್ನು ಬಳಸಿದ್ದ. ಈಗ ಆ ಮನೆಯವರೂ ಬಾಗಿಲಲ್ಲಿದ್ದರು. ನಮ್ಮ ಊರುಗಳಲ್ಲಿ ಸಣ್ಣ ಗುತ್ತಿಗೆಯ ವ್ಯವಹಾರ ಬಹುಮಟ್ಟಿಗೆ ನಡೆಯುವುದೇ ಹೀಗೆ, ಒಂದು ಮನೆಯ ಮುಂಗಡದ ಮೇಲೆ ಇನ್ನೊಂದು ಮನೆಯ ಮಾಡು. ಎಲ್ಲಿಯೋ ಒಂದು ಕಂತು ತಡವಾದರೆ ಅದರ ಭಾರ ಮೇಲಿನವನಿಂದ ಕೆಳಗಿನವನಿಗೆ ಜಾರಿ, ಇನ್ನು ಜಾರಿಸಲು ಯಾರೂ ಇಲ್ಲದವನ ಹೆಗಲ ಮೇಲೆ ನಿಲ್ಲುತ್ತದೆ.

ಈಗ ಪ್ರಶ್ನೆಗೆ ಬರೋಣ. 1981ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಮಾನವ ದುಡಿಮೆಯನ್ನು ಕುರಿತು ಹೊರಡಿಸಿದ 'ಲಬೋರೆಮ್ ಎಕ್ಸರ್ಸೆನ್ಸ್' ವಿಶ್ವಪತ್ರದಲ್ಲಿ ಒಂದು ಸೂಕ್ಷ್ಮವಾದ ಭೇದವನ್ನು ತೋರಿಸಿದ್ದಾರೆ. ಕೆಲಸಗಾರನೊಡನೆ ನೇರವಾಗಿ ಒಪ್ಪಂದ ಮಾಡಿಕೊಳ್ಳುವವನು ಪ್ರತ್ಯಕ್ಷ ಮಾಲೀಕ. ಆ ಒಪ್ಪಂದ ಯಾವ ಷರತ್ತುಗಳಲ್ಲಿ ನಡೆಯಬೇಕೆಂಬುದನ್ನು ಹಿಂದಿನಿಂದ ನಿರ್ಧರಿಸುವ ವ್ಯಕ್ತಿಗಳು, ಸಂಸ್ಥೆಗಳು, ವ್ಯವಸ್ಥೆಗಳೆಲ್ಲ ಸೇರಿ ಪರೋಕ್ಷ ಮಾಲೀಕ. ಹೊಣೆ ಇಬ್ಬರಿಗೂ ಉಂಟು. ಪರೋಕ್ಷವಾದದ್ದರಿಂದ ಅದು ಇಲ್ಲವಾಗುವುದಿಲ್ಲ. ವಿಶ್ವಪತ್ರ ಮುಖ್ಯವಾಗಿ ರಾಷ್ಟ್ರಗಳ, ಬೃಹತ್ ಉದ್ಯಮಗಳ ಕುರಿತು ಮಾತನಾಡುತ್ತದೆಂಬುದು ನಿಜ. ಆದರೆ ಹದಿನಾಲ್ಕು ಲಕ್ಷದ ಮೇಲೆ ಒಂದು ರೂಪಾಯಿಯೂ ಇಲ್ಲ, ಮೇ ತಿಂಗಳಿಗೆ ಮುಗಿಯಲೇಬೇಕು, ಇನ್ನೊಂದು ಬಚ್ಚಲೂ ಇರಲಿ ಎಂದು ಮುಂಬಯಿಯಲ್ಲಿ ಕುಳಿತು ಹೇಳಿದವರು, ಒಡಿಶಾದ ಆ ಹುಡುಗನ ಕೂಲಿ ಎಷ್ಟಿರಬೇಕು, ಎಂದು ಸಿಗಬೇಕು ಎಂಬುದನ್ನೂ ತಮಗರಿವಿಲ್ಲದೆಯೇ ನಿರ್ಧರಿಸಿರಲಿಲ್ಲವೇ? ಕಡಿಮೆ ದರಕ್ಕೆ ಗೋಡೆ ಕಟ್ಟಿಸಿಕೊಂಡ ನಾನು ನಿರ್ಧರಿಸಿರಲಿಲ್ಲವೇ?

ನಮ್ಮ ದೇಶದ ಕಾನೂನಿಗೂ ಈ ಅರಿವು ಇತ್ತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಟ್ಟು, ಬಳಿಕ ಅದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ ವಿಧಿಸಿತ್ತು. ಆ ಕಾಯಿದೆಯ ವಿಷಯಗಳು ಮುಂದೆ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿದವು. ಆದರೆ ಆ ಹಳೆಯ ಕಾಯಿದೆ ಅನ್ವಯಿಸುತ್ತಿದ್ದುದು ಇಪ್ಪತ್ತು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ. ಐವರು ದುಡಿಯುವ ಹಳ್ಳಿಯ ಮನೆಯ ಅಂಗಳಕ್ಕೆ ಅದರ ಕೈ ಚಾಚುತ್ತಿರಲಿಲ್ಲ. ಕಾನೂನಿನ ಕೈ ತಲುಪದ ಕಡೆ ಮನಸ್ಸಾಕ್ಷಿಯ ಕೈಯೂ ತಲುಪಬೇಕಾಗಿಲ್ಲವೆಂದು ಭಾವಿಸಿದರೆ ನಮಗೆ ಪಾಪನಿವೇದನೆಯ ಸಂಸ್ಕಾರವೇ ಅನಗತ್ಯವಾಗುತ್ತಿತ್ತು. ಏಳನೆಯ ಆಜ್ಞೆಯನ್ನು ವಿವರಿಸುವ ನಮ್ಮ ಧರ್ಮೋಪದೇಶ ಗ್ರಂಥದ 2409ನೆಯ ಪರಿಚ್ಛೇದವನ್ನು ತೆರೆದು ನೋಡಿ: ಅನ್ಯಾಯದ ಕೂಲಿ ಕೊಡುವುದೂ, ಕೆಲಸವನ್ನು ಕೆಟ್ಟದಾಗಿ ಮಾಡುವುದೂ ಅಲ್ಲಿ ಒಂದೇ ಪಟ್ಟಿಯಲ್ಲಿವೆ. ಮಾಲೀಕನಿಗೂ ಮೇಸ್ತ್ರಿಗೂ ಅಲ್ಲಿ ಬೇರೆಬೇರೆ ಅಳತೆಗೋಲಿಲ್ಲ.

ಶ್ರೀಗ್ರಂಥದಲ್ಲಿ ದುರಸ್ತಿಯ ಕಥೆಗಳಿವೆಯೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಅರಸುಗಳ ಎರಡನೆಯ ಗ್ರಂಥದ 12ನೆಯ ಅಧ್ಯಾಯವನ್ನು ಓದಿ. ಅರಸ ಯೋವಾಷನು ಜೆರುಸಲೇಮಿನ ಮಹಾದೇವಾಲಯದ ಬಿರುಕುಗಳನ್ನು ಸರಿಪಡಿಸುವಂತೆ ಯಾಜಕರಿಗೆ ಹೇಳಿದ. ಹಣ ಬಂತು. ಅವನ ಆಳ್ವಿಕೆಯ ಇಪ್ಪತ್ತಮೂರನೆಯ ವರ್ಷ ಬಂದರೂ ಬಿರುಕುಗಳು ಹಾಗೆಯೇ ಇದ್ದವು. (ಈ ಭಾಗವನ್ನು ಓದುವಾಗ ಯಾಜಕನಾದ ನಾನು ಸ್ವಲ್ಪ ಬೇಗ ಓದುತ್ತೇನೆ.) ಆಗ ಯಾಜಕ ಯೆಹೋಯಾದನು ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ರಂಧ್ರ ಕೊರೆದು ಬಲಿಪೀಠದ ಪಕ್ಕದಲ್ಲಿಟ್ಟ. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಪ್ರಧಾನ ಯಾಜಕನೂ ಕೂಡಿ ಎಣಿಸಿ, ಮೇಲ್ವಿಚಾರಕರ ಕೈಗೆ ಕೊಟ್ಟರು; ಅವರಿಂದ ಅದು ಬಡಗಿಗಳಿಗೆ, ಕಟ್ಟುವವರಿಗೆ, ಕಲ್ಲುಕುಟಿಗರಿಗೆ ಹೋಯಿತು. ಆ ಮೇಲ್ವಿಚಾರಕರು ಪ್ರಾಮಾಣಿಕರಾಗಿದ್ದುದರಿಂದ ಅವರಿಂದ ಯಾರೂ ಲೆಕ್ಕ ಕೇಳಲಿಲ್ಲವಂತೆ.

ಲೆಕ್ಕ ಕೇಳಲಿಲ್ಲ ಎಂಬುದನ್ನಷ್ಟೇ ಹಿಡಿದುಕೊಂಡು, ನಂಬಿಬಿಡುವುದೇ ಕ್ರೈಸ್ತ ಮಾರ್ಗ ಎನ್ನುವವರಿದ್ದಾರೆ. ಆದರೆ ಆ ನಂಬಿಕೆ ಬಂದದ್ದು ಯಾವಾಗ? ಪೆಟ್ಟಿಗೆ ಇಟ್ಟ ಮೇಲೆ, ಇಬ್ಬರು ಕೂಡಿ ಎಣಿಸಿದ ಮೇಲೆ, ಹಣ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆಂಬುದು ಎಲ್ಲರಿಗೂ ತಿಳಿದ ಮೇಲೆ. ಅದಕ್ಕೆ ಮುಂಚಿನ ವರ್ಷಗಳಲ್ಲಿಯೂ ಲೆಕ್ಕ ಕೇಳಿದ ಕುರುಹಿಲ್ಲ, ಆದರೆ ಅದನ್ನು ನಂಬಿಕೆಯೆನ್ನಲು ಮನಸ್ಸು ಬಾರದು. ಅದು ಉದಾಸೀನ. ದೂರದ ಮನೆಯ ಮಾಲೀಕರು "ನಾನು ಅವನನ್ನು ಪೂರ್ತಿ ನಂಬಿದ್ದೆ ಫಾದರ್" ಎಂದಾಗ, ನಂಬಿದ್ದಿರೋ, ತಿಳಿದುಕೊಳ್ಳುವ ತೊಂದರೆ ಬೇಡವಾಗಿತ್ತೋ ಎಂದು ನನ್ನನ್ನೂ ಸೇರಿಸಿ ಕೇಳಬೇಕೆನಿಸುತ್ತದೆ. ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದ ಅಂಗಗಳನ್ನು ಎಣಿಸುವಾಗ ಮುಂದಾಲೋಚನೆ, ಸನ್ನಿವೇಶದ ಅರಿವು, ಎಚ್ಚರಿಕೆ ಇವುಗಳನ್ನೂ ಸೇರಿಸುತ್ತಾರೆ. ಎಚ್ಚರಿಕೆ ಪ್ರೀತಿಗೆ ವಿರೋಧಿಯೆಂದು ಅವರಿಗೆ ತೋರಲಿಲ್ಲ.

ಅದೇ ಗ್ರಂಥದ 22ನೆಯ ಅಧ್ಯಾಯದಲ್ಲಿ ಇನ್ನೊಮ್ಮೆ ದುರಸ್ತಿ ನಡೆಯುತ್ತದೆ, ಅರಸ ಯೋಷೀಯನ ಕಾಲದಲ್ಲಿ. ಅಲ್ಲಿಯೂ ಕೆಲಸದವರು ಪ್ರಾಮಾಣಿಕರು, ಅಲ್ಲಿಯೂ ಲೆಕ್ಕ ಕೇಳಲಿಲ್ಲ. ಆ ದುರಸ್ತಿಯ ನಡುವೆಯೇ ಮಹಾದೇವಾಲಯದಲ್ಲಿ ಧರ್ಮಶಾಸ್ತ್ರದ ಗ್ರಂಥವೊಂದು ದೊರೆಯಿತು. ಅದು ಧರ್ಮೋಪದೇಶಕಾಂಡದ ತಿರುಳಾಗಿರಬೇಕೆಂಬುದು ಅನೇಕ ಬೈಬಲ್ ವಿದ್ವಾಂಸರ ಅಭಿಪ್ರಾಯ. ಧರ್ಮೋಪದೇಶಕಾಂಡದಲ್ಲಿಯೇ ಬಡ ಕೂಲಿಯವನ ಕೂಲಿಯನ್ನು, ಅವನು ಸ್ವಜನನಾಗಿರಲಿ ಪರದೇಶದವನಾಗಿರಲಿ, ಆ ದಿನದ ಹೊತ್ತು ಮುಳುಗುವುದರೊಳಗೆ ಕೊಡಬೇಕೆಂಬ ವಿಧಿಯಿದೆ. ಮನೆ ಕಟ್ಟುವವನು ಮಾಳಿಗೆಗೆ ಸುತ್ತುಗೋಡೆ ಕಟ್ಟಿಸಬೇಕು, ಯಾರಾದರೂ ಬಿದ್ದು ಸತ್ತರೆ ಆ ರಕ್ತದ ದೋಷ ಮನೆಗೇ ತಗಲುತ್ತದೆ ಎಂಬ ವಿಧಿಯೂ ಅಲ್ಲಿಯೇ ಇದೆ. ಮನೆ ಯಾರದೋ ದೋಷ ಅವರದು. ಗಾರೆಯವನದೆಂದು ಅಲ್ಲಿ ಹೇಳಿಲ್ಲ. ಇಂಥ ಯೋಷೀಯನ ಮಗ ಯೆಹೋಯಾಕೀಮ. ಅವನೂ ಕಟ್ಟಿಸಿದ, ದೇವದಾರಿನ ಹಲಗೆ, ಕೆಂಪು ಬಣ್ಣ, ವಿಶಾಲವಾದ ಮೇಲುಪ್ಪರಿಗೆ, ದೊಡ್ಡ ಕಿಟಕಿಗಳು. ದುಡಿದವರಿಗೆ ಕೂಲಿ ಕೊಡಲಿಲ್ಲ. ಪ್ರವಾದಿ ಯೆರೆಮೀಯನು 22ನೆಯ ಅಧ್ಯಾಯದಲ್ಲಿ ಅವನನ್ನು ಶಪಿಸುವಾಗ, ನಿನ್ನ ತಂದೆ ಉಂಡು ಕುಡಿದು ಸುಖವಾಗಿಯೇ ಇದ್ದನಲ್ಲವೇ, ಆದರೂ ನ್ಯಾಯವಾಗಿ ನಡೆದುಕೊಂಡನಲ್ಲವೇ ಎಂದು ಕೇಳುತ್ತಾನೆ. ಒಳ್ಳೆಯ ಮನೆ ಬೇಕೆನ್ನುವುದು ಅಲ್ಲಿ ದೋಷವಾಗಿ ಕಾಣುವುದಿಲ್ಲ.

ಇತ್ತೀಚೆಗೆ ಕೆಲವರು ಕೆಲಸದ ಜಾಗದಲ್ಲಿ ಕ್ಯಾಮೆರಾ ಹಾಕಿಸಿ, ದೂರದಿಂದಲೇ ಇಡೀ ದಿನ ನೋಡುತ್ತಾರೆ. ಬೇಡವೆನ್ನಲಾರೆ, ಕಳ್ಳತನ ತಪ್ಪಬಹುದು. ಆದರೆ ಗೋಡೆ ಎಷ್ಟು ಎದ್ದಿತೆಂದು ಅದು ತೋರಿಸುತ್ತದೆ, ಗೋಡೆ ಎಬ್ಬಿಸಿದವನು ಶನಿವಾರ ಏನು ಪಡೆದನೆಂದು ತೋರಿಸುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು. ಆ ಅನುಭವದ ಬಳಿಕ ನನ್ನಲ್ಲಿ ಕಂಟ್ರಾಕ್ಟರನ ಹೆಸರು ಕೇಳುವವರಿಗೆ ನಾನೇ ಕೆಲವು ಮಾತು ಹೇಳುತ್ತೇನೆ. ಕುಟುಂಬದಲ್ಲಿ ಎಷ್ಟೇ ಜನರಿರಲಿ, ಕೆಲಸ ಹೇಳುವವರು ಒಬ್ಬರೇ ಇರಲಿ. ಮೂವರು ಯಜಮಾನರ ಮಾತನ್ನು ಯಾವ ಮೇಸ್ತ್ರಿಯೂ ಪಾಲಿಸಲಾರ. ಹಂಚು ಇಳಿಸಿ, ಒಳಗಿರುವುದನ್ನು ನೋಡಿಯೇ ಮಾಡಿನ ಕೆಲಸಕ್ಕೆ ದರ ಮಾತಾಡಿ. ಸೇರಿಸಿದ ಪ್ರತಿಯೊಂದು ಕೆಲಸಕ್ಕೂ ಹಣವನ್ನು ಅಕ್ಷರದಲ್ಲಿ ಬರೆಯಿರಿ, ಹೆಬ್ಬೆರಳನ್ನು ಎತ್ತಬೇಡಿ. ಮುಂಗಡ ಸ್ವಲ್ಪವಿರಲಿ, ಕಂತುಗಳು ಮುಗಿದ ಕೆಲಸದ ಹಿಂದೆ ಬರಲಿ. ಕೊನೆಯ ಕಂತನ್ನು ಒಂದು ಮಳೆ ನೋಡಿ ಕೊಡುತ್ತೇವೆನ್ನುವುದು ಜಾಣತನವೇ, ಆದರೆ ಹಿಡಿದಿಟ್ಟದ್ದು ಕಂಟ್ರಾಕ್ಟರನ ಲಾಭವಾಗಿರಲಿ, ಕೆಲಸದವರ ಕೂಲಿ ಅದರೊಳಗೆ ಸಿಕ್ಕಿಕೊಂಡಿರದಿರಲಿ. ವಾರದ ಕೂಲಿ ವಾರಕ್ಕೇ ಸಂದದ್ದನ್ನು ತಿಳಿಸಬೇಕೆಂಬ ಷರತ್ತು ಹಾಕಿದರೆ ಒಳ್ಳೆಯ ಕಂಟ್ರಾಕ್ಟರ್ ಕೋಪಿಸಿಕೊಳ್ಳುವುದಿಲ್ಲ. ಬಹಳ ಕಡಿಮೆ ದರ ಹೇಳಿದವನನ್ನು, ಹೇಗಪ್ಪಾ ಎಂದು ಕೇಳಿ. ಮತ್ತೆ, ಒಮ್ಮೆಯಾದರೂ ರೈಲು ಹತ್ತಿ ಬನ್ನಿ. ಬಂದಾಗ ಗೋಡೆ ತಟ್ಟಿ ನೋಡುವ ಮೊದಲು ಅವರು ಮಲಗುವ ತಗಡಿನ ಶೆಡ್ಡನ್ನು, ಶೌಚಕ್ಕೆ ಎಲ್ಲಿಗೆ ಹೋಗುತ್ತಾರೆಂಬುದನ್ನು ನೋಡಿ.

ಮೇ 1 ಬಂದಾಗಲೆಲ್ಲ ನಾವು ಶ್ರಮಿಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ಹನ್ನೆರಡನೆಯ ಭಕ್ತಿನಾಥರು 1955ರಲ್ಲಿ ಸ್ಥಾಪಿಸಿದ ಹಬ್ಬ. ಶುಭಸಂದೇಶದ ಗ್ರೀಕ್ ಮೂಲದಲ್ಲಿ ಜೋಸೆಫರ ಕಸುಬಿಗೆ ಬಳಸಿರುವ 'ತೆಕ್ತೋನ್' ಎಂಬ ಪದಕ್ಕೆ ಬಡಗಿ ಎಂಬುದಷ್ಟೇ ಅರ್ಥವಲ್ಲ, ಕಟ್ಟುವವನು ಎಂಬ ಅರ್ಥವೂ ಉಂಟು. ನಜರೇತಿನ ಆ ತಂದೆಮಗ ಯಾರ ಯಾರ ಮನೆಯ ಮಾಡು ಸರಿಪಡಿಸಲು ಹೋಗಿದ್ದರೋ, ಯಾರು ಅವರಿಗೆ ಸಂಜೆಗೇ ಕೂಲಿ ಕೊಟ್ಟರೋ, ಯಾರು ನಾಳೆ ಬಾ ಎಂದರೋ. ಆಳು ಮಾಡಿದ್ದು ಹಾಳು ಎಂಬ ಗಾದೆ ಕಿವಿಗೆ ಬಿದ್ದಾಗ ನನಗೆ ಈಗ ಇದು ನೆನಪಾಗುತ್ತದೆ.

ಆ ಶನಿವಾರದ ಕಥೆಯನ್ನು ಅರ್ಧಕ್ಕೆ ಬಿಟ್ಟೆ. ಮಗನೊಡನೆ ನಾನು ವಾದಿಸುತ್ತಿರುವಾಗ ಅವರ ತಾಯಿ ದೂರವಾಣಿಯನ್ನು ಕೈಗೆ ತೆಗೆದುಕೊಂಡರು. ಹಣದ ಮಾತೇ ಇಲ್ಲ. "ಫಾದರ್, ಅವರ ಊಟ ಆಗಿದೆಯಾ?" ಎಂದು ಕೇಳಿದರು. ಆಗಿರಲಿಲ್ಲ. ಅಷ್ಟು ಹೊತ್ತು ನನಗೂ ಅದು ಹೊಳೆದಿರಲಿಲ್ಲ. ನಮ್ಮ ಅಡುಗೆಯವರು ಗಂಜಿ, ಚಟ್ನಿ ಬಡಿಸಿದರು. ಗುರುವಾರ ಮುಂಬಯಿಯಿಂದ 61,500 ರೂಪಾಯಿ ಬಂತು. ಕಂಟ್ರಾಕ್ಟರನ ಕೊನೆಯ ಕಂತಿನಲ್ಲಿ ಅದನ್ನು ಕಳೆಯುವುದೆಂದೂ, ಪಕ್ಕಾಸಿನ ಮರದ ಖರ್ಚನ್ನು ಇಬ್ಬರೂ ಅರ್ಧರ್ಧ ಹೊರುವುದೆಂದೂ ತೀರ್ಮಾನವಾಯಿತು. ಗ್ರಾನೈಟಿನ ವಿಷಯದಲ್ಲಿ ಅವರು ಇನ್ನೂ ಒಬ್ಬರನ್ನೊಬ್ಬರು ದೂರುತ್ತಾರೆ. ಆದರೆ ಶನಿವಾರದಿಂದ ಗುರುವಾರದವರೆಗೆ ಐದು ಸೂರ್ಯಾಸ್ತಗಳಾಗಿದ್ದವು. ಒಡಿಶಾದ ಇಬ್ಬರೂ ಮಂಗಳವಾರವೇ, ಬೇರೆಲ್ಲಿಯೋ ಕೆಲಸವಿದೆಯೆಂದು ಯಾರೋ ಕರೆದದ್ದಕ್ಕೆ, ಹೊರಟುಹೋಗಿದ್ದರು.

ಮದುವೆಗೆ ಮುಂಚೆ ಆ ಮನೆಯನ್ನು ಆಶೀರ್ವದಿಸಲು ಹೋದಾಗ ಕೊಪ್ಪಳದ ಮೂವರನ್ನೂ ತಾಯಿ ಊಟಕ್ಕೆ ಕರೆಸಿದ್ದರು. ಹೊಸ ಪಕ್ಕಾಸಿನ ಮರದ ವಾಸನೆ ಇನ್ನೂ ಆರಿರಲಿಲ್ಲ. ಹೋದ ಇಬ್ಬರ ಪಾಲಿನ 21,000 ರೂಪಾಯಿ ಒಂದು ಲಕೋಟೆಯಲ್ಲಿ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಲಕೋಟೆಯ ಮೇಲೆ ಮೇಸ್ತ್ರಿ ಹೇಳಿ ಬರೆಸಿದ ಎರಡು ಹೆಸರುಗಳಿವೆ, ಒಂದು ದೂರವಾಣಿ ಸಂಖ್ಯೆಯಿದೆ. ವರ್ಗಾವಣೆಯಾಗಿ ಬೇರೆ ಧರ್ಮಕೇಂದ್ರಕ್ಕೆ ಬರುವಾಗ ಅದನ್ನೂ ಜೊತೆಯಲ್ಲಿ ತಂದೆ. ಕಳೆದ ವಾರವೂ ಆ ಸಂಖ್ಯೆಗೆ ಕರೆ ಮಾಡಿದೆ. ಸ್ವಿಚ್ ಆಫ್ ಆಗಿದೆಯೆಂದು ಅದೇ ಹೆಣ್ಣುಧ್ವನಿ ಹೇಳಿತು, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ.